ಹುಲ್ಲು ಒಣಗಲಿ ಬಿಡಿ

ಶಿವರಾತ್ರಿ ಹತ್ತಿರ ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ನನ್ನಿಂದ ಕೈತೋಟ ಮಾಡಿಸಿಕೊಂಡವರು, ಯಾರದೋ ಮೂಲಕ ನಂಬರು ಸಿಕ್ಕವರು, ಎಲ್ಲರದ್ದೂ ಒಂದೇ ಪ್ರಶ್ನೆ: ‘ಬಿಸಿಲು ಜೋರಾಗ್ತಾ ಇದೆ, ಲಾನಿಗೆ ದಿನಕ್ಕೆ ಎಷ್ಟು ಸಲ ನೀರು ಬಿಡಬೇಕು?’ ಹದಿನೆಂಟು ವರ್ಷ ನಾನು ಕೊಟ್ಟ ಉತ್ತರವೂ ಒಂದೇ. ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದು ಸಲ, ಸಂಜೆ ನೆಲ ತಣಿದ ಮೇಲೆ ಇನ್ನೊಂದು ಸಲ. ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಅವರು ಹುಲ್ಲಿನ ವಿಷಯ ಕೇಳಿದರು, ನಾನು ಹುಲ್ಲಿನ ವಿಷಯ ಹೇಳಿದೆ. ನೀರಿನ ವಿಷಯ ಅವರು ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಆ ಉತ್ತರ ಕೊಡುವುದನ್ನು ಈಗ ನಿಲ್ಲಿಸಿದ್ದೇನೆ. ಯಾಕೆ ಎಂದು ಕೇಳಿದವರಿಗೆ ಫೋನಿನಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಹೇಳಹೊರಟರೆ ನನ್ನದೇ ಒಂದು ತಪ್ಪಿನಿಂದ ಶುರುಮಾಡಬೇಕಾಗುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಬರೀ ಗಿಡದ ಸಲಹೆಗಾಗಿ ಓದುವವರಿಗೆ ನಡುವೆ ಒಂದಷ್ಟು ಸಲಹೆಯೂ ಸಿಗುತ್ತದೆ.

ಬೆಂಗಳೂರಿನಲ್ಲಿ ತೋಟದ ಕೆಲಸ ಮಾಡುವವರಿಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲ ವಿಚಿತ್ರವಾದದ್ದು. ತಲೆಯೆತ್ತಿದರೆ ಹಬ್ಬ, ತಲೆ ತಗ್ಗಿಸಿದರೆ ಬರ. ಮೇಲೆ ಗುಲಾಬಿ ಬಣ್ಣದ ಟಬೂಬಿಯಾ, ಅದು ಉದುರುವ ಹೊತ್ತಿಗೆ ನೇರಳೆ ಜಕರಂಡ, ಹೊಂಗೆಯ ಹೊಸ ಚಿಗುರು, ಆಮೇಲೆ ಗುಲ್‌ಮೊಹರ್. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕೃಂಬಿಗಲ್, ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಶುರುಮಾಡುವಂತೆ ಈ ಊರಿಗೆ ಮರಗಳನ್ನು ಆರಿಸಿದರು ಎಂದು ನಮ್ಮ ಕಸುಬಿನವರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಈ ಹೂಮರಗಳಲ್ಲಿ ಬಹಳಷ್ಟು ಹೊರಗಿನವು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡ ದಕ್ಷಿಣ ಅಮೆರಿಕದ್ದು. ಎಲ್ಲಿಂದ ಬಂದರೂ ಬೇಸಿಗೆ ದಾಟುವ ಉಪಾಯವನ್ನು ಜೊತೆಯಲ್ಲೇ ತಂದಿವೆ. ಗಿಡದ ನೀರು ಆವಿಯಾಗುವುದು ಹೆಚ್ಚಾಗಿ ಎಲೆಯಿಂದ. ಆದ್ದರಿಂದ ಮೊದಲು ಎಲೆ ಉದುರಿಸಿ ಖರ್ಚು ಇಳಿಸುತ್ತವೆ, ಆಮೇಲೆ ಹೂ ಬಿಡುತ್ತವೆ. ಬೇರು ಆಳಕ್ಕೆ ಇಳಿದಿರುವುದರಿಂದ ಯಾರ ಪೈಪಿಗೂ ಕಾಯುವುದಿಲ್ಲ.

ಅದೇ ಮರದ ಬುಡದಲ್ಲಿ, ಕಾಂಪೌಂಡಿನ ಒಳಗೆ, ನಾವು ಹಾಸಿದ ಹುಲ್ಲು ಎರಡು ದಿನ ನೀರು ತಪ್ಪಿದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಲಾನಿನ ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಮಾರ್ಚ್ ಬಿಸಿಲಿನಲ್ಲಿ ಹಸಿರಾಗಿಯೇ ಉಳಿಯಬೇಕಾದ ಹುಲ್ಲಿಗೆ ದಿನಕ್ಕೆ ಸುಮಾರು ಐದು ಮಿಲಿಮೀಟರ್ ಬೇಕು. ಸಾವಿರದೈನೂರು ಚದರ ಅಡಿಯ ಲಾನ್ ಎಂದರೆ ಹತ್ತಿರಹತ್ತಿರ ನೂರನಲವತ್ತು ಚದರ ಮೀಟರ್. ಅಲ್ಲಿಗೆ ದಿನಕ್ಕೆ ಏಳುನೂರು ಲೀಟರ್. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಕೊಡಬೇಕೆಂಬುದು ನಮ್ಮ ದೇಶದ ನೀರು ಸರಬರಾಜಿನ ಮಾನದಂಡ. ಐದು ಜನರ ಸಂಸಾರದ ನೀರನ್ನು ಒಂದು ಸಾಧಾರಣ ಲಾನ್ ಕುಡಿಯುತ್ತದೆ. ಈ ಗುಣಾಕಾರ ನನಗೆ ಗೊತ್ತಿತ್ತು. ಸಂಪು ಎಷ್ಟು ದೊಡ್ಡದಿರಬೇಕು, ಮೋಟರು ಎಷ್ಟು ಹೊತ್ತು ಓಡಬೇಕು ಎಂದು ಬರೆದುಕೊಡುವವಳೇ ನಾನು. ಕೊನೆಯ ಭಾಗಾಕಾರ ಮಾತ್ರ ಮಾಡಿರಲಿಲ್ಲ.

2023ರ ಮುಂಗಾರು ಕೈಕೊಟ್ಟಿತ್ತು. 2024ರ ಫೆಬ್ರವರಿ ಹೊತ್ತಿಗೆ ನಗರದ ಪೂರ್ವ ಅಂಚಿನಲ್ಲಿ ಬೋರ್‌ವೆಲ್ಲುಗಳು ಒಂದೊಂದಾಗಿ ಬತ್ತುತ್ತಿದ್ದವು. ಕಾವೇರಿ ನೀರು ಆ ಕಡೆಯ ಎಷ್ಟೋ ಬಡಾವಣೆಗಳಿಗೆ ಇನ್ನೂ ಮುಟ್ಟಿರಲಿಲ್ಲ. ಐದನೇ ಹಂತ ಉದ್ಘಾಟನೆಯಾದದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ಮಾರ್ಚಿನಲ್ಲಿ ಜಲಮಂಡಳಿ ಆದೇಶ ಹೊರಡಿಸಿತು: ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ, ಕಟ್ಟಡದ ಕೆಲಸಕ್ಕೆ, ಕಾರಂಜಿಗೆ ಬಳಸಿದರೆ ಐದು ಸಾವಿರ ರೂಪಾಯಿ ದಂಡ. ಆದೇಶ ಓದಿದ ನನ್ನ ಗಿರಾಕಿಗಳಲ್ಲಿ ಅರ್ಧ ಜನ ಕೇಳಿದ್ದು, ‘ಟ್ಯಾಂಕರ್ ನೀರು ಕುಡಿಯೋ ನೀರಿನ ಲೆಕ್ಕಕ್ಕೆ ಬರುತ್ತಾ?’ ಎಂದು.

ಆ ಅಂಚಿನಲ್ಲೇ ನಾನು ತೋಟ ಮಾಡಿಕೊಟ್ಟ ಒಂದು ಮನೆಯಿದೆ. ಯಜಮಾನರು ನಿವೃತ್ತರು, ಓದಿಕೊಂಡವರು, ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನದ್ದನ್ನು ಓದಿ ಅವರನ್ನು ಖಳನಾಯಕ ಮಾಡುವುದು ಸುಲಭ. ಅಲ್ಲಿ ಮಾಲಿ ಕೆಲಸಕ್ಕೆ ಬರುವಾಕೆ ಯಾದಗಿರಿ ಕಡೆಯವಳು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾನೆ, ಮೂರು ಮಕ್ಕಳು, ಹತ್ತಿರದ ಖಾಲಿ ಸೈಟಿನಲ್ಲಿ ತಗಡಿನ ಶೆಡ್ಡು. ನಾನೇ ಆಕೆಯನ್ನು ಐದು ಮನೆಗಳಿಗೆ ಹಚ್ಚಿಕೊಟ್ಟಿದ್ದೆ. ಆಕೆಯ ಮಗಳ ಶಾಲೆ ಫೀಸನ್ನು ಒಂದು ವರ್ಷ ಈ ಯಜಮಾನರೇ ಕಟ್ಟಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರ ಆಕೆ ಲಾನಿನ ಅಂಚಿನಲ್ಲಿ ನಿಂತು ನನ್ನನ್ನು ಕೇಳಿದ್ದಳು, ‘ಇದನ್ನ ಯಾವ ದನಾ ತಿಂತಾವ್ರಿ ಅಕ್ಕಾರ?’ ಯಾವುದೂ ತಿನ್ನುವುದಿಲ್ಲ, ಬೆಳೆಸಿ, ಕತ್ತರಿಸಿ, ಚೀಲಕ್ಕೆ ತುಂಬಿ ಹೊರಗಿಡುತ್ತೇವೆ ಎಂದಾಗ ನನ್ನ ಮುಖ ನೋಡಿ ನಕ್ಕಿದ್ದಳು, ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು.

ಮಾರ್ಚ್ ಮಧ್ಯದಲ್ಲಿ ಯಜಮಾನರು ನನಗೊಂದು ವಿಡಿಯೋ ಕಳಿಸಿದರು. ಸಿಸಿಟಿವಿಯದು. ಕೆಲಸ ಮುಗಿಸಿದ ಮೇಲೆ ಆಕೆ ತೋಟದ ನಲ್ಲಿಯಿಂದ ಎರಡು ಕ್ಯಾನು ತುಂಬಿಸಿಕೊಂಡು ಹೋಗುತ್ತಿದ್ದಾಳೆ. ಒಂದೊಂದು ಇಪ್ಪತ್ತು ಲೀಟರಿನದು. ಹಿಂದೆಯೇ ಫೋನು ಬಂತು. ‘ಮೇಡಂ, ನಲವತ್ತು ಲೀಟರ್ ಏನೂ ದೊಡ್ಡದಲ್ಲ. ಆದರೆ ಕೇಳಿ ತಗೊಂಡು ಹೋಗಬೇಕಿತ್ತು. ಇವತ್ತು ಇವಳು, ನಾಳೆ ಶೆಡ್ಡಿನವರೆಲ್ಲ ಬಂದರೆ ನಾನು ಎಷ್ಟು ಟ್ಯಾಂಕರ್ ತರಿಸಲಿ? ನೀವೇ ಒಂದು ಮಾತು ಹೇಳಿ.’

ನಾನು ಹೇಳಿದೆ. ಮರುದಿನ ಬೆಳಿಗ್ಗೆ ಹೋಗಿ, ಆದಷ್ಟು ಮೆತ್ತಗೆ, ಅವರಿಗೆ ಇಷ್ಟವಾಗುವುದಿಲ್ಲ, ಇನ್ನು ಮೇಲೆ ಬೇಡ ಎಂದೆ. ಆಕೆ ವಾದಿಸಲಿಲ್ಲ. ‘ನಮ್ಮ ಕಡಿ ನೀರ ಬಂದು ಎಂಟ್ ದಿನ ಆಯ್ತ್ರಿ’ ಎಂದಳು, ದೂರಿನ ಹಾಗಲ್ಲ, ಸುದ್ದಿಯ ಹಾಗೆ. ಆಮೇಲೆ ‘ಆಯ್ತ್ರಿ ಅಕ್ಕಾರ’ ಎಂದು ಕ್ಯಾನುಗಳನ್ನು ಗೋಡೆಗೆ ಒರಗಿಸಿ ಇಟ್ಟಳು. ನಾನು ಹೊರಡುವಾಗ ಲಾನಿಗೆ ನೀರು ಬಿಡುತ್ತಿದ್ದಳು. ಬಿಸಿಲೇರುವ ಮುಂಚೆ, ನಾನು ಕಲಿಸಿದಂತೆಯೇ.

ಆ ಭಾಗಾಕಾರ ಆದದ್ದು ವಾಪಸ್ ಬರುವ ದಾರಿಯಲ್ಲಿ, ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದಾಗ. ಆಕೆಯ ಮನೆಯಲ್ಲಿ ಐದು ಜನ.

ಅಂದಿನಿಂದ ಈ ವಿಷಯವನ್ನು ಬಹಳ ಸಲ ಮಗುಚಿ ಹಾಕಿದ್ದೇನೆ. ಯಜಮಾನರ ವಾದವನ್ನು ತಳ್ಳಿಹಾಕುವುದು ನಾನಂದುಕೊಂಡಷ್ಟು ಸುಲಭವಲ್ಲ. ದುಡ್ಡು ಕೊಟ್ಟು ತರಿಸಿದ ನೀರು ಅವರದ್ದು. ಕೇಳದೆ ಒಯ್ದದ್ದು ಸರಿಯಲ್ಲ ಎಂದರೆ ಅದೂ ಒಪ್ಪುವ ಮಾತೇ. ಆದರೆ ಆ ನೀರನ್ನು ಟ್ಯಾಂಕರಿನವನು ತಯಾರಿಸಿದ್ದಲ್ಲ. ಅವನು ಯಾವುದೋ ಹಳ್ಳಿಯಂಚಿನ ಬೋರ್‌ವೆಲ್ಲಿನಿಂದ ಎತ್ತಿ ತಂದ. ನೆಲದ ಕೆಳಗೆ ಬೇಲಿಯಿಲ್ಲ. ಆಳಕ್ಕೆ ಕೊರೆದವನ ಕೊಳವೆಗೆ ಅಕ್ಕಪಕ್ಕದವರ ನೀರೂ ಬರುತ್ತದೆ. ಯಜಮಾನರು ಕೊಟ್ಟ ದುಡ್ಡು ನಿಜವಾಗಿ ಕೊಂಡದ್ದು ಸಾಲಿನಲ್ಲಿ ಮುಂದಿನ ಜಾಗವನ್ನು. ಹಿಂದೆ ಎಷ್ಟು ಜನ ನಿಂತಿದ್ದಾರೆ ಎಂದು ಆ ರಸೀದಿಯಲ್ಲಿ ಬರೆದಿರುವುದಿಲ್ಲ.

ಇನ್ನೊಂದು ತುದಿಗೆ ಹೋಗಿ, ಕೆಲವರ ಕೊಡ ಖಾಲಿಯಿರುವಾಗ ಹೂವಿನ ಗಿಡವೇ ಅನ್ಯಾಯ ಎನ್ನುವವರೂ ಇದ್ದಾರೆ. ಆ ದಿನಗಳಲ್ಲಿ ನನ್ನ ಮಗನೇ ಹಾಗೆಂದ. ಕಾಲೇಜಿನವನು, ಅವನಿಗೆ ಎಲ್ಲವೂ ಸ್ಪಷ್ಟ. ನಾನು ಉತ್ತರ ಕೊಡಲಿಲ್ಲ. ಕೊಟ್ಟರೆ ಕಸುಬು ಉಳಿಸಿಕೊಳ್ಳಲು ಹೇಳಿದ ಹಾಗೆ ಆಗುತ್ತಿತ್ತು. ಅವನ ಮಾತು ಪೂರ್ತಿ ಸರಿಯಿಲ್ಲ ಎಂದು ನನಗೆ ಖಾತ್ರಿಯಾದದ್ದು ಒಂದು ವಾರದ ನಂತರ. ಆಕೆಗೆ ಜ್ವರ ಬಂದಿದೆಯೆಂದು ನೋಡಲು ಶೆಡ್ಡಿಗೆ ಹೋಗಿದ್ದೆ. ಬಾಗಿಲ ಪಕ್ಕದಲ್ಲಿ ಒಡೆದ ಪೇಂಟ್ ಡಬ್ಬಿ. ಅದರ ತುಂಬ ಚೆಂಡು ಹೂ. ಎಂಟು ದಿನ ನೀರು ಬಾರದ ಮನೆಯ ಮುಂದೆ, ಅಷ್ಟು ದಟ್ಟ ಕಿತ್ತಳೆ ಬಣ್ಣದ ಚೆಂಡು ಹೂ. ಇದಕ್ಕೆ ನೀರೆಲ್ಲಿಂದ ಎಂದು ಕೇಳಿದೆ. ‘ಅಕ್ಕಿ ತೊಳದದ್ದು ಪಾತ್ರೆಕ್ಕ ಹಾಕ್ತೀನ್ರಿ, ಪಾತ್ರೆ ತೊಳದದ್ದು ಇದಕ್ಕ.’

ಚೆಂದ ಬೇಕು ಎನ್ನುವುದು ಉಳ್ಳವರ ಚಟವಲ್ಲ. ಅಷ್ಟು ಕಷ್ಟದಲ್ಲೂ ಆಕೆಗೆ ಹೂ ಬೇಕಿತ್ತು. ಆದರೆ ಆಕೆಯ ಹೂ ನೀರಿನ ಸಾಲಿನಲ್ಲಿ ಎಲ್ಲರ ಹಿಂದೆ ನಿಂತಿತ್ತು. ಮೊದಲು ಬಾಯಿ, ಆಮೇಲೆ ಅಕ್ಕಿ, ಆಮೇಲೆ ಪಾತ್ರೆ, ಕೊನೆಗೆ ಬೇರು. ನಾನು ಆ ದೊಡ್ಡ ಮನೆಯಲ್ಲಿ ಮಾಡಿದ ಏರ್ಪಾಡು ಬೇರೆ: ಸಂಪಿನಿಂದ ಒಂದು ಪೈಪು ಅಡುಗೆಮನೆಗೆ, ಇನ್ನೊಂದು ನೇರ ಸ್ಪ್ರಿಂಕ್ಲರಿಗೆ. ಹುಲ್ಲನ್ನು ಮನುಷ್ಯರ ಪಕ್ಕದಲ್ಲೇ, ಸಾಲಿನ ತಲೆಯಲ್ಲಿ ನಿಲ್ಲಿಸಿದ್ದೆ. ಯಜಮಾನರು ಹಾಗೆ ಮಾಡಿ ಎಂದು ಕೇಳಿರಲಿಲ್ಲ. ಅವರು ‘ಹಸಿರಾಗಿರಲಿ’ ಎಂದಷ್ಟೇ ಹೇಳಿದ್ದರು. ಪೈಪು ಎಲ್ಲಿಂದ ಎಲ್ಲಿಗೆ ಎಂದು ನಕ್ಷೆಯಲ್ಲಿ ಗೆರೆ ಎಳೆದವಳು ನಾನು.

ಹೀಗೆ ಗೆರೆ ಎಳೆಯುವುದನ್ನು ನಾನು ಹುಟ್ಟಿದ ಮನೆಯಲ್ಲಿ ನೋಡಿದವಳಲ್ಲ. ನಮ್ಮದು ಸಾಗರದ ಕಡೆಯ ಹಳ್ಳಿ. ಆರು ತಿಂಗಳು ನೀರಿನಲ್ಲೇ ಮುಳುಗಿರುವಂಥ ಊರು. ಅಲ್ಲೂ ಬಚ್ಚಲ ನೀರು ಸುಮ್ಮನೆ ಹರಿದುಹೋಗುತ್ತಿರಲಿಲ್ಲ. ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತಿತ್ತು, ಅಲ್ಲಿ ಮಿಕ್ಕಿದ್ದು ಕೆಸುವಿಗೆ. ಅಮ್ಮನಿಗೆ ಡೇರೆ ಹೂವಿನ ಹುಚ್ಚು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಯಾರ ಅಂಗಳದಲ್ಲಿ ಯಾವ ಬಣ್ಣ, ಯಾರ ಮನೆಯದು ತಟ್ಟೆಯಷ್ಟು ದೊಡ್ಡದು ಎಂಬುದು ಹೆಂಗಸರ ಮಧ್ಯೆ ಸಣ್ಣ ವಿಷಯವಲ್ಲ. ಮಳೆ ನಿಂತು ಗಿಡ ಒಣಗಿದ ಮೇಲೆ ಅಮ್ಮ ಗೆಡ್ಡೆ ಕಿತ್ತು, ಮಣ್ಣು ಕೊಡವಿ, ಒಣಮರಳಿನಲ್ಲಿ ಹುದುಗಿಸಿ ಅಟ್ಟದ ಮೂಲೆಯಲ್ಲಿಡುತ್ತಿದ್ದಳು. ಅಂಗಳ ಬೋಳು. ಫೆಬ್ರವರಿಯಲ್ಲಿ ಬಂದ ನೆಂಟರು ‘ನಿಮ್ಮನೆಲಿ ಹೂವೇ ಇಲ್ಯಲೇ’ ಎಂದರೆ ಅಮ್ಮನಿಗೆ ಅವಮಾನವೇನೂ ಆಗುತ್ತಿರಲಿಲ್ಲ. ‘ಈಗೆಂಥ ಹೂವು? ಮಳೆ ಬರ್ಲಿ’ ಎನ್ನುತ್ತಿದ್ದಳು.

ನಾನು ಪಟ್ಟಣಕ್ಕೆ ಬಂದು ಕಲಿತ ವಿದ್ಯೆಯಲ್ಲಿ ಬೋಳು ಅಂಗಳ ಎಂದರೆ ಕೆಲಸಗಾರನ ಸೋಲು. ಕರಾರಿನಲ್ಲೇ ಬರೆದಿರುತ್ತದೆ, ವರ್ಷವಿಡೀ ಹಸಿರು, ಒಣಗಿದರೆ ಬದಲಿಸಿಕೊಡಲಾಗುವುದು ಎಂದು. ಋತುವನ್ನು ತೋಟದಿಂದ ಹೊರಗಿಡುತ್ತೇವೆ ಎಂಬ ಆ ಕರಾರಿಗೆ ನಾನು ಎಷ್ಟು ಸಲ ಸಹಿ ಹಾಕಿದ್ದೇನೋ. ಹೊರಗಿಟ್ಟದ್ದಕ್ಕೆ ತಗಲುವ ನೀರನ್ನು ಇನ್ನೊಬ್ಬರು ಕಡಿಮೆ ಕುಡಿಯಬೇಕಾಗುತ್ತದೆ ಎಂಬುದು ಮಳೆ ಚೆನ್ನಾಗಿ ಆದ ವರ್ಷ ಕಾಣಿಸುವುದಿಲ್ಲ. ಹಾಗೆಂದು ಆ ವರ್ಷ ಅದು ಇಲ್ಲವೆಂದಲ್ಲ.

ಹಾಗಾದರೆ ಎಲ್ಲವನ್ನೂ ಒಣಗಲು ಬಿಡುವುದೇ? ಆ ಮಾರ್ಚಿನಲ್ಲಿ ಮನೆಮನೆಗೆ ಹೋಗಿ ಯಾವುದಕ್ಕೆ ನೀರು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವಾಗ ಈ ಪ್ರಶ್ನೆ ನನಗೆ ಎದುರಾಯಿತು. ಗಿಡವೂ ಜೀವ. ನೆಟ್ಟವರಿಗೆ ಅದರ ಮೇಲೆ ಹಕ್ಕಿದ್ದಂತೆ ಋಣವೂ ಇರಬೇಕು. ಬಹಳ ಯೋಚಿಸಿ ನಾನು ಹಿಡಿದ ಅಳತೆ ಇದು: ಯಾವ ಗಿಡವನ್ನು ನಾವು ಎಷ್ಟರ ಮಟ್ಟಿಗೆ ನಮ್ಮ ಕೈ ನೋಡುವ ಹಾಗೆ ಮಾಡಿದ್ದೇವೋ, ಅದಕ್ಕೆ ಅಷ್ಟು ಸಾಲಗಾರರು ನಾವು. ಗಿಡದ ಬೆಲೆಗೂ ಇದಕ್ಕೂ ಸಂಬಂಧವಿಲ್ಲ.

ಕುಂಡದ ಗಿಡ ಮೊದಲು. ಅದರ ಬೇರಿಗೆ ಹೋಗಲು ಬೇರೆ ದಾರಿಯನ್ನೇ ನಾವು ಬಿಟ್ಟಿಲ್ಲ. ಎರಡನೆಯದು ನೆಟ್ಟು ಎರಡು ಬೇಸಿಗೆ ದಾಟದ ಸಸಿ, ಮುಂದೆ ಎಂಥ ದೊಡ್ಡ ಮರವಾಗುವಂಥದ್ದಾದರೂ ಸರಿ. ಆಮೇಲೆ ಹಣ್ಣಿನ ಗಿಡ, ಕರಿಬೇವು, ಮಲ್ಲಿಗೆ ಬಳ್ಳಿ. ನಾಲ್ಕೈದು ವರ್ಷ ನೆಲದಲ್ಲಿ ನಿಂತ ದಾಸವಾಳ, ನಂದಿಬಟ್ಟಲು, ಪಾರಿಜಾತಗಳು ಎಲೆ ಜೋಲುಬಿಟ್ಟು ಮುಖ ಸಣ್ಣ ಮಾಡಿಕೊಂಡರೂ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಲಾನ್ ಎಲ್ಲರ ಹಿಂದೆ. ಅಲ್ಲಿ ನಾವು ಬೆಳೆಸುತ್ತಿರುವುದು ಹುಲ್ಲಿಗಿಂತ ಹೆಚ್ಚಾಗಿ ಒಂದು ನೋಟವನ್ನು. ನಮ್ಮ ನೆಲದ ಹುಲ್ಲುಗಳಿಗೆ ಬೇಸಿಗೆಯಲ್ಲಿ ಕಂದಾಗಿ ಮಲಗುವುದು ಅಭ್ಯಾಸ. ಹಾಗೆ ಮಲಗಲು ಅವಕ್ಕೆ ಬಿಡದವರು ನಾವು.

ಮನೆಯವರು ಮಾಡಬಹುದಾದ ಕೆಲಸ ಹೇಳುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ಗೊಬ್ಬರ ಹಾಕಬೇಡಿ, ಮಾರ್ಚಿನಲ್ಲಿ ಗಿಡ ಸವರಬೇಡಿ. ಎರಡೂ ಎಳೆ ಚಿಗುರನ್ನು ಕರೆಯುತ್ತವೆ, ಚಿಗುರು ನೀರು ಕೇಳುತ್ತದೆ. ದಿನಾ ಸ್ವಲ್ಪ ಚಿಮುಕಿಸುವುದಕ್ಕಿಂತ ನಾಲ್ಕೈದು ದಿನಕ್ಕೊಮ್ಮೆ ಪಾತಿ ತುಂಬ ಕೊಡಿ. ಮೇಲ್ಮಣ್ಣಷ್ಟೇ ನೆನೆದರೆ ಬೇರು ಮೇಲೆಯೇ ಉಳಿಯುತ್ತದೆ, ಒಂದು ದಿನ ತಪ್ಪಿದರೂ ಸುಡುತ್ತದೆ. ಕುಂಡಕ್ಕೆ ನೀರು ಬೇಕೋ ಬೇಡವೋ ಎಂದು ಗೊತ್ತಾಗದಿದ್ದರೆ ಬೆರಳನ್ನು ಎರಡನೇ ಗಿಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ಅಲ್ಲಿ ತಂಪಿದ್ದರೆ ನಾಳೆ ನೋಡಿಕೊಳ್ಳೋಣ. ಕುಂಡಗಳನ್ನು ದೂರದೂರ ಇಡಬೇಡಿ, ಪಶ್ಚಿಮದ ಬಿಸಿಲು ಬೀಳದ ಗೋಡೆಯ ಮಗ್ಗುಲಿಗೆ ಒತ್ತೊತ್ತಾಗಿ ಸೇರಿಸಿ, ಒಂದರ ನೆರಳು ಇನ್ನೊಂದಕ್ಕೆ. ತರಗೆಲೆ ಗುಡಿಸಿ ಸುಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮೂರಲ್ಲಿ ಅದನ್ನು ದರಕು ಎಂದು ಬೆಟ್ಟದಿಂದ ಹೊತ್ತು ತರುತ್ತಾರೆ. ಬುಡದ ಸುತ್ತ ಮೂರು ಬೆರಳು ದಪ್ಪ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿಗೆ ಸಿಂಕಿನ ಕೆಳಗೊಂದು ಬಕೆಟ್ ಇಡಿ. ನಾಲ್ಕು ಜನರ ಮನೆಯಲ್ಲಿ ಹತ್ತು ಹನ್ನೆರಡು ಕುಂಡ ಅದರಲ್ಲೇ ಬದುಕುತ್ತವೆ. ಅಪಾರ್ಟ್‌ಮೆಂಟಿನವರಿಗೆ ಶುದ್ಧೀಕರಿಸಿದ ಕೊಳಚೆ ನೀರು ಇದೆ, ಮೂಗು ಮುರಿಯದೆ ಬಳಸಿ.

ನೆಡುವುದಕ್ಕೂ ಕಾಲವಿದೆ. ಲಾಲ್‌ಬಾಗಿನಲ್ಲಿ ವರ್ಷಕ್ಕೆ ಎರಡು ಸಲ ಫಲಪುಷ್ಪ ಪ್ರದರ್ಶನ, ಜನವರಿಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ. ಜನವರಿಯದ್ದನ್ನು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ. ಗಿಡ ಕೊಳ್ಳುವುದಿದ್ದರೆ ಆಗಸ್ಟಿನಲ್ಲಿ ಕೊಳ್ಳಿ. ಬೆಂಗಳೂರಿಗೆ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬೇರು ಊರಿಕೊಳ್ಳಲು ಸಮಯ ಸಿಗುತ್ತದೆ. ಜನವರಿಯಲ್ಲಿ ಆಸೆಪಟ್ಟು ತಂದ ಸಸಿಗೆ ಕಣ್ಣು ಬಿಡುವ ಮೊದಲೇ ಬೇಸಿಗೆ. ಮರದ ಸಸಿಯಾದರೆ ಇನ್ನೂ ಮುಂಚೆ, ಮೃಗಶಿರ ಮಳೆಗೆ ಗುಂಡಿ ತೋಡಿಟ್ಟು ಆರಿದ್ರಾ ಮಳೆಗೆ ನೆಟ್ಟುಬಿಡಿ. ಇಷ್ಟನ್ನು ನಮ್ಮ ಅಜ್ಜಂದಿರು ಲೆಕ್ಕವಿಡಲು ಪಂಚಾಂಗ ತೆಗೆಯುತ್ತಿರಲಿಲ್ಲ, ಬಾಯಲ್ಲೇ ಇರುತ್ತಿತ್ತು.

ಯಜಮಾನರ ಮನೆಗೆ ಹೋಗಿ, ಲಾನಿಗೆ ನೀರು ನಿಲ್ಲಿಸೋಣ ಎಂದೆ. ಒಣಗಿದರೆ ಬದಲಿ ಹುಲ್ಲು ನನ್ನ ಖರ್ಚಿನಲ್ಲಿ ಹಾಕಿಕೊಡುತ್ತೇನೆ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಕ್ಯಾನಿನ ವಿಷಯ ನಿಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿದೆ ಅಲ್ವಾ?’ ಎಂದರು. ಹೌದೆಂದೆ. ‘ನನಗೂ’ ಎಂದರು. ಮರುದಿನ ಅವರೇ ಆಕೆಗೆ ಎರಡು ಕ್ಯಾನು ತುಂಬಿಸಿಕೊಂಡು ಹೋಗಲು ಹೇಳಿದರಂತೆ. ಆಕೆ ಒಯ್ದಳು. ಕ್ಯಾನನ್ನು ಗೇಟಿನವರೆಗೆ ತಲೆ ತಗ್ಗಿಸಿ ಒಯ್ಯುತ್ತಿದ್ದಳು ಎಂದು ಅವರ ಹೆಂಡತಿ ನನಗೆ ಹೇಳಿದರು. ಒಮ್ಮೆ ಬೇಡ ಎನ್ನಿಸಿಕೊಂಡ ಮೇಲೆ ಬಾ ಎಂದದ್ದು ಮೊದಲಿನ ಹಾಗೆ ಇರುವುದಿಲ್ಲ. ಆ ಮೊದಲ ‘ಬೇಡ’ ನನ್ನ ಬಾಯಿಂದ ಬಂದದ್ದು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಉಳಿದ ಮನೆಗಳಲ್ಲೂ ಲಾನಿಗೆ ನೀರು ನಿಲ್ಲಿಸಿದೆ. ಏಪ್ರಿಲ್ ಮೊದಲ ವಾರ ಆಕೆ ಫೋನು ಮಾಡಿದಳು. ನೀರಿಲ್ಲ, ಹುಲ್ಲು ಬೆಳೆಯುತ್ತಿಲ್ಲ, ಕತ್ತರಿಸುವುದಿಲ್ಲ. ದಿನಾ ಬರುವುದು ಯಾಕೆ, ವಾರಕ್ಕೆರಡು ದಿನ ಬಂದರೆ ಸಾಕು ಎಂದು ಮೂರು ಮನೆಯವರು ಹೇಳಿದ್ದರು. ತಿಂಗಳಿಗೆ ನಾಲ್ಕು ಸಾವಿರ ಕಡಿಮೆ. ‘ಹುಲ್ಲಿಗಿ ನೀರ ಬ್ಯಾಡ ಅಂದ್ರಿ, ಛಲೋ ಆಯ್ತ್ರಿ. ನನ್ನ ಪಗಾರದ್ದು ಏನ್ರಿ ಅಕ್ಕಾರ?’

ನನ್ನ ಬಳಿ ಉತ್ತರವಿರಲಿಲ್ಲ. ನೀರಿನ ಸಾಲು ಸರಿಮಾಡುವ ಗಡಿಬಿಡಿಯಲ್ಲಿ ಕೂಲಿಯ ಸಾಲಿನಲ್ಲಿ ಆಕೆಯನ್ನು ಹಿಂದಕ್ಕೆ ತಳ್ಳಿದ್ದೆ. ಯಾವುದು ಅತಿ ಎಂದು ನಾನು ತೀರ್ಮಾನಿಸಿದೆನೋ ಅದೇ ಆಕೆಯ ಅಕ್ಕಿ. ದನ ತಿನ್ನದ ಹುಲ್ಲನ್ನು ಆಕೆಯ ಮಕ್ಕಳು ಒಂದರ್ಥದಲ್ಲಿ ತಿನ್ನುತ್ತಿದ್ದರು. ಇದನ್ನು ಬರೆಯುವಾಗಲೂ ನಾನು ಆವತ್ತು ಮಾಡಿದ್ದು ಸರಿಯೇ ಎಂದು ಕೇಳಿಕೊಂಡರೆ, ಹುಲ್ಲಿನ ಮಟ್ಟಿಗೆ ಸರಿ, ಆಕೆಯನ್ನು ಕೇಳದೆ ಮಾಡಿದ್ದು ಸರಿಯಲ್ಲ ಎನಿಸುತ್ತದೆ. ಒಳ್ಳೆಯದನ್ನು ಮಾಡುವಾಗ ಅದರ ಬಿಲ್ಲು ಯಾರ ಹೆಸರಿಗೆ ಹೋಗುತ್ತದೆ ಎಂದು ನೋಡುವ ಅಭ್ಯಾಸ ನನಗಿರಲಿಲ್ಲ.

ಒಂದೊಂದು ಮನೆಗೂ ಮತ್ತೆ ಹೋದೆ. ನೀರು ಹಾಯಿಸುವ ಸಮಯವನ್ನು ಬೇರೆ ಕೆಲಸಕ್ಕೆ ಕೊಡಿ ಎಂದೆ: ಚಾವಣಿಯ ನೀರು ಇಂಗಲು ಗುಂಡಿ ತೋಡುವುದು, ತರಗೆಲೆ ಗೊಬ್ಬರದ ತೊಟ್ಟಿ ಕಟ್ಟುವುದು, ಪಾತಿ ಅಗಲಿಸುವುದು. ಮಳೆನೀರು ಕೊಯ್ಲಿಗೆ 2009ರಿಂದ ಬೆಂಗಳೂರಿನಲ್ಲಿ ಕಾನೂನೇ ಇದೆ. ಎಷ್ಟೋ ಮನೆಗಳಲ್ಲಿ ಅದು ಅನುಮತಿಗೆಂದು ಹಾಕಿಸಿದ ಒಂದು ಪೈಪು, ಒಂದು ಡ್ರಮ್ಮು, ಅಷ್ಟೆ. ಈ ಊರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ನೂರು ಚದರ ಮೀಟರ್ ಚಾವಣಿಯ ಮೇಲೆ ಹತ್ತಿರಹತ್ತಿರ ಲಕ್ಷ ಲೀಟರ್ ಬೀಳುತ್ತದೆ. ಲೆಕ್ಕ ಹೇಳಿದಾಗ ಇಬ್ಬರು ಒಪ್ಪಿದರು. ಒಬ್ಬರು ಒಪ್ಪಲಿಲ್ಲ. ಆ ಮನೆ ಆಕೆಗೆ ತಪ್ಪಿಯೇ ಹೋಯಿತು.

ಮೇ ಮೊದಲ ವಾರ ಮಳೆ ಬಂತು, ಭರಣಿ ಮಳೆ. ಆರು ತಿಂಗಳ ಧೂಳು ಎದ್ದು ಮಣ್ಣಿನ ವಾಸನೆ ಊರಿಡೀ ತುಂಬಿತು. ಹದಿನೈದು ದಿನ ಬಿಟ್ಟು ಯಜಮಾನರ ಮನೆಗೆ ಹೋದೆ. ಮೆಕ್ಸಿಕನ್ ಹುಲ್ಲು ಅರ್ಧಕ್ಕರ್ಧ ಮರಳಿತ್ತು, ಉಳಿದೆಡೆ ಸತ್ತಿತ್ತು. ಸತ್ತ ಕಡೆಯಲ್ಲೆಲ್ಲ ಗರಿಕೆ ಹಬ್ಬಿತ್ತು. ಹದಿನೆಂಟು ವರ್ಷ ನಾನು ಕಳೆಯೆಂದು ಕೀಳಿಸಿದ ಗರಿಕೆ. ಗಣಪತಿಗೆ ಬೇಕಾದಾಗ ಮಾತ್ರ ಮಾರುಕಟ್ಟೆಯಿಂದ ದುಡ್ಡು ಕೊಟ್ಟು ತರುತ್ತಿದ್ದೆವು. ಒಂದು ತಿಂಗಳ ಹಿಂದೆ ನೆಲದಲ್ಲಿ ಅದು ಇದೆಯೆಂಬ ಗುರುತೂ ಇರಲಿಲ್ಲ. ಹಿಂಭಾಗದ ಬೋಳು ಜಾಗದಲ್ಲಿ ಕೆಂಪು ದಂಟಿನ ಸಣ್ಣ ಸಸಿಗಳು ಸಾಲಾಗಿ ಎದ್ದಿದ್ದವು. ಪುಂಡಿಪಲ್ಯ. ಊರಿಂದ ತಂದ ಬೀಜ, ಅಮ್ಮಾರ್ನ ಕೇಳಿಯೇ ಹಾಕಿದ್ದು ಎಂದಳು ಆಕೆ. ‘ಕೇಳಿಯೇ’ ಎಂಬುದನ್ನು ನನ್ನ ಮುಖ ನೋಡಿ ಹೇಳಿದಳು. ಜೂನಿನಲ್ಲಿ ಯಜಮಾನರ ಮನೆಯಲ್ಲಿ ನನಗೂ ಅದರ ಪಲ್ಯ ಬಡಿಸಿದರು. ಹುಳಿ ಸ್ವಲ್ಪ ಜಾಸ್ತಿಯಾಗಿತ್ತು. ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಜೋಳದ ರೊಟ್ಟಿ ಜೊತೆ ತಿನ್ನಬೇಕು, ಅನ್ನದ ಜೊತೆಯಲ್ಲ ಎಂದು ತಿದ್ದಿದಳು.

ಇದೀಗ ಮತ್ತೆ ಫೆಬ್ರವರಿ. ಮೇಜಿನ ಮೇಲೆ ಹೊಸ ಮನೆಯೊಂದರ ನಕ್ಷೆ ಇದೆ. ಅವರಿಗೆ ನಾಲ್ಕು ಸಾವಿರ ಚದರ ಅಡಿ ಲಾನ್ ಬೇಕು. ನಾನು ಅದನ್ನು ಅಳಿಸಿ ಆರುನೂರಕ್ಕೆ ಇಳಿಸಿದ್ದೇನೆ. ಉಳಿದ ಜಾಗಕ್ಕೆ ಹೊಂಗೆ, ದೇವಕಣಗಿಲೆ, ಮಳೆ ಬಂದಾಗ ಏಳುವ ಗೆಡ್ಡೆಗಳು ಎಂದು ಬರೆದಿದ್ದೇನೆ. ಬಚ್ಚಲ ಮತ್ತು ಅಡುಗೆಮನೆಯ ನೀರಿನ ಪೈಪು ತೋಟಕ್ಕೆ ಬರುವಂತೆ ಗೆರೆ ಎಳೆದಿದ್ದೇನೆ. ಅವರು ಒಪ್ಪುತ್ತಾರೋ ಇಲ್ಲವೋ ನಾಡಿದ್ದು ಗೊತ್ತಾಗುತ್ತದೆ. ಒಪ್ಪದಿದ್ದರೆ ಕೆಲಸ ಬಿಡುತ್ತೇನೆ ಎಂದು ಗಟ್ಟಿಯಾಗಿ ಹೇಳುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಮಗನ ಫೀಸು ಕಟ್ಟುವುದಿದೆ.

ನಿನ್ನೆ ಸಂಜೆ ಆಕೆ ಬಂದಿದ್ದಳು, ನಕ್ಷೆ ನೋಡಿದಳು. ಈ ಸಲ ನಾನೇ ಮೊದಲು ತೋರಿಸಿದೆ. ಹಸಿರು ಬಣ್ಣ ಬಳಿದ ಸಣ್ಣ ಚೌಕದ ಮೇಲೆ ಬೆರಳಿಟ್ಟು, ‘ಹುಲ್ಲು ಇಷ್ಟೇ ಏನ್ರಿ?’ ಎಂದಳು. ಇಷ್ಟೇ ಎಂದೆ. ಸ್ವಲ್ಪ ಹೊತ್ತು ನೋಡಿ, ‘ಅಲ್ಲಿ ದಿನಾ ಬರೂ ಕೆಲಸ ಇರ್ತದೇನ್ರಿ ಅಕ್ಕಾರ?’ ಎಂದು ಕೇಳಿದಳು.